ಕೂತವನ ಚಿತ್ರ

ಒಬ್ಬ ಮನುಷ್ಯ ಕುರ್ಚಿ ಮೇಲೆ ಕೂತಿದ್ದಾನೆ. ಚಿತ್ರದಲ್ಲಿ ಮೊದಲು ಕಾಣೋದು ಅಷ್ಟೇ. 1831ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನ ಒಂದು ಅಂಗಡಿಯ ಕಿಟಕಿಯಲ್ಲಿ ಈ ಚಿತ್ರ ತೂಗುಹಾಕಿದ್ದರು. ಪೊಲೀಸರು ಬಂದು ಕಿತ್ತುಕೊಂಡು ಹೋದರು. ಬರೆದವನು, ಅಚ್ಚು ಹಾಕಿದವನು, ಮಾರಿದವನು ಮೂವರೂ ಕೋರ್ಟಿಗೆ ಹೋಗಬೇಕಾಯಿತು. ಬರೆದವನು ಜೈಲಿಗೂ ಹೋದ. ಅವನಿಗಾಗ ಇಪ್ಪತ್ಮೂರು ವರ್ಷ. ನಮ್ಮಲ್ಲಿ ಹುಡುಗರು ಬಿಇ ಮುಗಿಸಿ ಮೊದಲ ಕೆಲಸಕ್ಕೆ ಸೇರುವ ವಯಸ್ಸು.

ಚಿತ್ರದ ಹೆಸರು ‘ಗಾರ್ಗಾಂತುವಾ’. ಬರೆದವನು ಒನೊರೆ ದೋಮಿಯೆ. ಗಾರ್ಗಾಂತುವಾ ಅನ್ನೋದು ಹದಿನಾರನೇ ಶತಮಾನದ ಫ್ರೆಂಚ್ ಲೇಖಕ ರಾಬ್ಲೇ ಕಟ್ಟಿದ ಕಥೆಯ ದೈತ್ಯ. ಎಷ್ಟು ತಿಂದರೂ ಹೊಟ್ಟೆ ತುಂಬದವನು. ನಮ್ಮ ಬಕಾಸುರನ ದೂರದ ನೆಂಟ ಅಂದುಕೊಳ್ಳಿ. ಆದರೆ ಬಕಾಸುರ ಬಂಡಿ ಅನ್ನ ತಿಂತಿದ್ದ, ದೋಮಿಯೆಯ ಗಾರ್ಗಾಂತುವಾ ತಿನ್ನೋದು ದುಡ್ಡು.

ಚಿತ್ರವನ್ನು ದೊಡ್ಡದು ಮಾಡಿಕೊಂಡು ಬಲಗಡೆಯಿಂದ ನೋಡ್ತಾ ಬನ್ನಿ. ಬಲಮೂಲೆಯ ಕೆಳಗೆ ಬಡವರು ನಿಂತಿದ್ದಾರೆ. ಹರಕು ಬಟ್ಟೆ, ಸೊರಗಿದ ಮೈ, ಮಗುವನ್ನು ಅಪ್ಪಿಕೊಂಡ ಒಬ್ಬ ಹೆಂಗಸು. ತಮ್ಮಲ್ಲಿರೋ ಕಾಸನ್ನು ಬುಟ್ಟಿಗೆ ಹಾಕ್ತಿದ್ದಾರೆ. ಅಲ್ಲಿಂದ ಒಂದು ಉದ್ದನೆಯ ಹಲಗೆ ಮೇಲಕ್ಕೆ ಹೋಗುತ್ತೆ. ಅದರ ಮೇಲೆ ಇರುವೆ ಸಾಲಿನ ಹಾಗೆ ಪುಟ್ಟ ಪುಟ್ಟ ಆಳುಗಳು ಬುಟ್ಟಿ ಹೊತ್ತು ಹತ್ತುತ್ತಿದ್ದಾರೆ. ಹಲಗೆಯ ಇನ್ನೊಂದು ತುದಿ ನೇರವಾಗಿ ಕೂತವನ ಬಾಯೊಳಗಿದೆ, ನಾಲಗೆಯನ್ನೇ ನೆಲದವರೆಗೆ ಚಾಚಿದ್ದಾನೋ ಅನ್ನುವ ಹಾಗೆ. ಬುಟ್ಟಿಯಿಂದ ಉದುರಿದ ಕಾಸನ್ನು ಹಲಗೆಯ ಕೆಳಗೆ ನಿಂತು ಆರಿಸಿಕೊಳ್ಳುವವರೂ ಇದ್ದಾರೆ. ಅವರ ಬಟ್ಟೆ ಮಾತ್ರ ಚೆನ್ನಾಗಿದೆ.

ಇನ್ನು ಕುರ್ಚಿ. ಅದು ಸಿಂಹಾಸನ ಹೌದು, ಆದರೆ ತೂತಿರುವ ಸಿಂಹಾಸನ. ನೇರವಾಗಿ ಹೇಳೋದಾದರೆ ಕಮೋಡು. ಮೇಲೆ ಹೋದ ಕಾಸು ಕೆಳಗೆ ಬೇರೆ ರೂಪದಲ್ಲಿ ಬೀಳುತ್ತಿದೆ: ಪದವಿ, ಪದಕ, ನೇಮಕಾತಿ ಪತ್ರ. ಅದನ್ನು ಹಿಡಿಯೋಕೆ ಒಳ್ಳೊಳ್ಳೆ ಕೋಟು ಹಾಕಿದ ಗಂಡಸರು ಮುಗಿಬಿದ್ದಿದ್ದಾರೆ. ಅವರ ಹಿಂದೆಯೇ ಫ್ರಾನ್ಸಿನ ಸಂಸತ್ ಭವನ.

ಕೂತವನ ತಲೆ ಪೇರ್ ಹಣ್ಣಿನ ಆಕಾರದಲ್ಲಿದೆ. ಮಂಗಳೂರು ಕಡೆಯ ಪೇರಳೆ ಅಲ್ಲ, ಬೆಂಗಳೂರಲ್ಲಿ ಮರಸೇಬು ಅಂತೀವಲ್ಲ, ಅದು. ಮೇಲೆ ಸಪೂರ, ಕೆಳಗೆ ಗಲ್ಲ ಜೋತುಬಿದ್ದು ಅಗಲ. ಆ ಕಾಲದ ಪ್ಯಾರಿಸ್‌ನಲ್ಲಿ ಈ ಹಣ್ಣು ಕಂಡರೆ ಸಾಕು, ಯಾರು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಅದು ದೊರೆ ಲೂಯಿ ಫಿಲಿಪ್.

*

ಈ ದೊರೆ ಸಿಂಹಾಸನ ಏರಿದ್ದು 1830ರ ಜುಲೈ ಕ್ರಾಂತಿಯ ಬೆನ್ನಿಗೆ. ಪ್ಯಾರಿಸ್‌ನ ಜನ ಮೂರು ದಿನ ಬೀದಿಯಲ್ಲಿ ಹೋರಾಡಿ ಹಳೆಯ ರಾಜ ಹತ್ತನೇ ಶಾರ್ಲ್‌ನನ್ನು ಓಡಿಸಿದ್ದರು. ಆ ರಾಜ ಪತ್ರಿಕೆಗಳ ಬಾಯಿ ಕಟ್ಟಲು ಹೊರಟಿದ್ದೇ ಕ್ರಾಂತಿಗೆ ಒಂದು ಮುಖ್ಯ ಕಾರಣ. ಹಾಗಾಗಿ ಹೊಸ ರಾಜ ತನ್ನನ್ನು ‘ಪ್ರಜೆಗಳ ರಾಜ’ ಅಂತ ಕರೆಸಿಕೊಂಡ. ಸೆನ್ಸಾರ್ ಇನ್ನೆಂದಿಗೂ ವಾಪಸ್ ಬರೋದಿಲ್ಲ ಅನ್ನುವ ಮಾತನ್ನು 1830ರ ಸಂವಿಧಾನದಲ್ಲೇ ಬರೆಸಿದರು. ಒಂದೂವರೆ ವರ್ಷ ಆಗೋದರೊಳಗೆ ಕುರ್ಚಿಯ ಚಿತ್ರ ಬರೆದ ಹುಡುಗನ ಮೇಲೆ ಕೇಸು ಬಿತ್ತು.

ಆ ಹೊತ್ತಿಗೆ ಅಲ್ಲಿ ದೊಡ್ಡ ಚರ್ಚೆ ನಡೀತಿದ್ದದ್ದು ರಾಜನ ಮನೆಖರ್ಚಿಗೆ ಖಜಾನೆಯಿಂದ ವರ್ಷಕ್ಕೆ ಎಷ್ಟು ಕೊಡಬೇಕು ಅನ್ನೋದರ ಬಗ್ಗೆ. 1832ರಲ್ಲಿ ಕೊನೆಗೆ ನಿಗದಿಯಾಗಿದ್ದು 1 ಕೋಟಿ 20 ಲಕ್ಷ ಫ್ರಾಂಕ್. ಈ ಲೆಕ್ಕಾಚಾರವನ್ನು ವರದಿಯಲ್ಲಿ ಓದಿದರೆ ನಿದ್ದೆ ಬರುತ್ತೆ. ದೋಮಿಯೆ ಅದನ್ನೇ ಒಂದು ಬಾಯಿ, ಒಂದು ಹಲಗೆ, ಒಂದು ಕಮೋಡಿನಲ್ಲಿ ಹೇಳಿ ಮುಗಿಸಿದ. ಓದು ಬಾರದವನಿಗೂ ಅರ್ಥವಾಗುವ ಬಜೆಟ್ ವಿಶ್ಲೇಷಣೆ.

‘ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು’ ಅಂತ ನಮ್ಮೂರಲ್ಲಿ ಮಾತು ಮಾತಿಗೂ ಹೇಳೋರು. ಗಾದೆಯಲ್ಲಿ ಕೂತವನು ಕನಿಷ್ಠ ತನ್ನ ಕುಡಿಕೆಯನ್ನೇ ಖಾಲಿ ಮಾಡ್ತಾನೆ. ಈ ಚಿತ್ರದಲ್ಲಿ ಕುಡಿಕೆ ಬೇರೆಯವರದು. ಅಷ್ಟೇ ವ್ಯತ್ಯಾಸ.

*

ಈ ಚಿತ್ರ ಅಷ್ಟು ಬೇಗ ಅಂಗಡಿ ಕಿಟಕಿಗೆ ಬಂದದ್ದು ಹೇಗೆ ಅನ್ನೋದೂ ಒಂದು ಸ್ವಾರಸ್ಯ. ಇದು ಲಿತೋಗ್ರಫಿ, ಕನ್ನಡದಲ್ಲಿ ಕಲ್ಲಚ್ಚು. ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ ಅನ್ನುವವನು 1790ರ ದಶಕದ ಕೊನೆಯಲ್ಲಿ ಕಂಡುಹಿಡಿದದ್ದು. ಅವನು ನಾಟಕಕಾರ. ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕೋದು ಹೇಗೆ ಅಂತ ಹುಡುಕ್ತಾ ಹೋಗಿ ಅಚ್ಚಿನ ಜಗತ್ತನ್ನೇ ಬದಲಿಸಿಬಿಟ್ಟ.

ಇದರ ಸೂತ್ರ ನಮ್ಮ ಅಡುಗೆಮನೆಯದೇ. ಎಣ್ಣೆಗೂ ನೀರಿಗೂ ಆಗಿಬರಲ್ಲ. ನುಣ್ಣಗೆ ಅರೆದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೀತಾರೆ. ಆಮೇಲೆ ಸ್ವಲ್ಪ ಆಮ್ಲ ಬೆರೆಸಿದ ಅಂಟಿನ ನೀರು ಸವರಿ ಕಲ್ಲನ್ನು ಹದ ಮಾಡ್ತಾರೆ. ಕಲ್ಲನ್ನು ಒದ್ದೆ ಮಾಡಿದಾಗ ಖಾಲಿ ಜಾಗ ನೀರು ಹೀರಿಕೊಳ್ಳುತ್ತೆ, ಜಿಡ್ಡಿನ ಗೆರೆ ನೀರನ್ನು ದೂರ ತಳ್ಳುತ್ತೆ. ಈಗ ಎಣ್ಣೆಯ ಶಾಯಿ ಉರುಳಿಸಿದರೆ ಅದು ಜಿಡ್ಡಿಗೆ ಮಾತ್ರ ಅಂಟುತ್ತೆ, ಒದ್ದೆ ಜಾಗಕ್ಕೆ ಅಂಟಲ್ಲ. ಮೇಲೆ ಕಾಗದ ಇಟ್ಟು ಒತ್ತಿದರೆ ಚಿತ್ರ ರೆಡಿ. ಎಣ್ಣೆ ಹಚ್ಚಿಕೊಂಡ ಮೈಮೇಲೆ ಬರೀ ನೀರು ಸುರಿದರೆ ನಿಲ್ಲದೆ ಜಾರಿಹೋಗೋದನ್ನು ದೀಪಾವಳಿಯ ಬೆಳಗ್ಗೆ ನೋಡಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಇದಕ್ಕೆ ಮೊದಲು ಚಿತ್ರ ಅಚ್ಚಾಗಬೇಕು ಅಂದರೆ ಮರದ ಹಲಗೆಯನ್ನೋ ತಾಮ್ರದ ತಗಡನ್ನೋ ಕೊರೆಯಬೇಕಿತ್ತು. ಕೊರೆಯೋನು ಸಾಮಾನ್ಯವಾಗಿ ಬೇರೆಯವನೇ, ಹಿಡಿಯೋ ಕಾಲವೂ ಹೆಚ್ಚು. ಕಲ್ಲಚ್ಚು ಬಂದಮೇಲೆ ಕಲಾವಿದ ಕಾಗದದ ಮೇಲೆ ಬರೆದಷ್ಟೇ ಸಲೀಸಾಗಿ ಕಲ್ಲಿನ ಮೇಲೆ ಬರೆಯಬಹುದಾಯಿತು. ಸೋಮವಾರ ಸಂಸತ್ತಿನಲ್ಲಿ ನಡೆದ ಮಾತಿಗೆ ಅದೇ ವಾರ ಚಿತ್ರದ ಉತ್ತರ ಕೊಡಬಹುದಾಯಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ರಿಲೀಸ್ ಸೈಕಲ್ ತಿಂಗಳಿಂದ ದಿನಕ್ಕೆ ಇಳೀತು. ಒಂದೇ ತಾಪತ್ರಯ ಅಂದರೆ ಕಲ್ಲಿನ ಮೇಲಿನದು ಕಾಗದಕ್ಕೆ ಬರುವಾಗ ಎಡಬಲ ತಿರುಗುತ್ತೆ. ಅಂದರೆ ನಾವು ಬಲಮೂಲೆಯಲ್ಲಿ ನೋಡುವ ಬಡವರನ್ನು ದೋಮಿಯೆ ಬರೆದದ್ದು ಕಲ್ಲಿನ ಎಡಮೂಲೆಯಲ್ಲಿ.

ಅವನೇನೂ ಉಳ್ಳವರ ಮನೆಯ ಹುಡುಗ ಅಲ್ಲ. ಮಾರ್ಸೇಲ್‌ನಲ್ಲಿ ಹುಟ್ಟಿದವನು. ಅಪ್ಪನ ಕಸುಬು ಕಿಟಕಿಗೆ ಗಾಜು ಕೂರಿಸೋದು, ಆಸೆ ಮಾತ್ರ ಕವಿಯಾಗಬೇಕು ಅಂತ. ಆ ಆಸೆ ಹಿಡಿದು ಸಂಸಾರವನ್ನು ಪ್ಯಾರಿಸ್‌ಗೆ ತಂದ. ಕವಿತೆ ಹೊಟ್ಟೆ ತುಂಬಿಸಲಿಲ್ಲ. ಮಗ ಚಿಕ್ಕ ವಯಸ್ಸಿನಲ್ಲೇ ಕೋರ್ಟಿನ ಜಾರಿ ಅಧಿಕಾರಿಯೊಬ್ಬನ ಹತ್ತಿರ ಓಡಾಟದ ಕೆಲಸಕ್ಕೆ ಸೇರಿದ, ಆಮೇಲೆ ಪುಸ್ತಕದಂಗಡಿಯಲ್ಲಿ. ವಕೀಲರು, ಜಡ್ಜುಗಳು, ಸಾಲಗಾರರು, ಕಟಕಟೆಯ ಮುಂದೆ ನಿಂತವರ ಮುಖಗಳು ಅವನ ಕಣ್ಣಿಗೆ ಬಿದ್ದದ್ದು ಆಗಲೇ. ಕಲ್ಲಿನ ಮೇಲೆ ಬರೆಯೋದು ಕಲಿತ ಮೇಲೆ ಆ ಮುಖಗಳೆಲ್ಲ ಹೊರಗೆ ಬಂದವು.

*

ವಿಚಾರಣೆ ನಡೆದದ್ದು 1832ರ ಫೆಬ್ರವರಿ 23ರಂದು. ಇಪ್ಪತ್ನಾಲ್ಕು ತುಂಬೋಕೆ ಇನ್ನು ಮೂರು ದಿನ ಇತ್ತು. ಆರೋಪ ಎರಡು: ಸರ್ಕಾರದ ಮೇಲೆ ದ್ವೇಷ ಮತ್ತು ತಿರಸ್ಕಾರ ಹುಟ್ಟಿಸಿದ್ದು, ರಾಜನಿಗೆ ಅವಮಾನ ಮಾಡಿದ್ದು. ಶಿಕ್ಷೆ ಆರು ತಿಂಗಳ ಸೆರೆವಾಸ, 500 ಫ್ರಾಂಕ್ ದಂಡ. ಶಿಕ್ಷೆ ಕೂಡಲೇ ಜಾರಿಯಾಗಲಿಲ್ಲ. ಅವನು ಬರೆಯೋದನ್ನೂ ನಿಲ್ಲಿಸಲಿಲ್ಲ. ಆಗಸ್ಟ್ ಕೊನೆಗೆ ಅಪ್ಪ ಅಮ್ಮನ ಮನೆಯಿಂದಲೇ ಪೊಲೀಸರು ಕರೆದುಕೊಂಡು ಹೋಗಿ ಸೇಂತ್ ಪೆಲಾಜಿ ಜೈಲಿಗೆ ಹಾಕಿದರು.

ಇದಕ್ಕೆ ಸ್ವಲ್ಪ ಮುಂಚೆ, 1831ರ ನವೆಂಬರ್‌ನಲ್ಲಿ, ದೋಮಿಯೆಯ ಸಂಪಾದಕ ಶಾರ್ಲ್ ಫಿಲಿಪೋನ್ ಇನ್ನೊಂದು ಚಿತ್ರದ ಕೇಸಿನಲ್ಲಿ ಕೋರ್ಟಿನ ಮುಂದೆ ನಿಂತಿದ್ದ. ಅವನು ‘ಲ ಕಾರಿಕಾತೂರ್’ ಅನ್ನುವ ವಾರಪತ್ರಿಕೆ ನಡೆಸ್ತಿದ್ದ. ಕೋರ್ಟಿನಲ್ಲೇ ಅವನು ನಾಲ್ಕು ಚಿತ್ರ ಬರೆದು ತೋರಿಸಿದ. ಮೊದಲನೆಯದು ರಾಜನ ಮುಖ. ಎರಡನೆಯದು ಅದಕ್ಕೆ ಹತ್ತಿರದ್ದು. ಮೂರನೆಯದು ಎರಡನೆಯದಕ್ಕೆ ಹತ್ತಿರದ್ದು. ನಾಲ್ಕನೆಯದು ಬರೀ ಪೇರ್ ಹಣ್ಣು. ಅವನ ವಾದ ಇಷ್ಟು: ಹೋಲಿಕೆಯೇ ಅಪರಾಧ ಅನ್ನೋದಾದರೆ ಎಲ್ಲಿಗೆ ನಿಲ್ಲಿಸ್ತೀರಿ, ಈ ಹಣ್ಣಿಗೂ ಶಿಕ್ಷೆ ಕೊಡ್ತೀರಾ? ಕೇಸು ಸೋತ, ಜೈಲಿಗೂ ಹೋದ. ಆದರೆ ಪ್ಯಾರಿಸ್‌ನ ಹುಡುಗರು ಕಂಡಕಂಡ ಗೋಡೆ ಮೇಲೆಲ್ಲ ಪೇರ್ ಹಣ್ಣು ಬರೆಯೋಕೆ ಶುರು ಮಾಡಿದರು. ಗೋಡೆಗಳ ಮೇಲೆಲ್ಲ ಕೇಸು ಹಾಕೋಕಾಗುತ್ತಾ?

ರಾಜನಿಗೆ ಬೈದು ಬರೆದ ಲೇಖನಗಳೇನೂ ಕಡಿಮೆ ಇರಲಿಲ್ಲ. ಅವುಗಳ ಮೇಲೂ ಕೇಸು ಬೀಳ್ತಿದ್ದವು. ಆದರೂ ಚಿತ್ರದ ಬಗ್ಗೆ ಇದ್ದ ಭಯವೇ ಬೇರೆ. 1835ರ ಜುಲೈನಲ್ಲಿ ರಾಜನ ಮೇಲೆ ಕೊಲೆಯ ಪ್ರಯತ್ನ ನಡೆದು, ರಾಜ ಉಳಿದು, ಸುತ್ತಲಿದ್ದ ಹಲವರು ಸತ್ತರು. ಅದರ ಬೆನ್ನಿಗೆ ಸೆಪ್ಟೆಂಬರ್‌ನಲ್ಲಿ ಹೊಸ ಕಾನೂನು ಬಂತು. ಚಿತ್ರ ಅಚ್ಚು ಹಾಕೋಕೆ ಮೊದಲೇ ಒಪ್ಪಿಗೆ ಪಡೀಬೇಕು. ಲೇಖನಕ್ಕೆ ಮಾತ್ರ ಅಂಥ ಮುಂಗಡ ಒಪ್ಪಿಗೆ ಬೇಡ. ಸೆನ್ಸಾರ್ ವಾಪಸ್ ಬರಲ್ಲ ಅಂತ ಸಂವಿಧಾನದಲ್ಲೇ ಬರೆದಿದ್ದೀರಲ್ಲ ಅಂದರೆ, ಅದು ಅಭಿಪ್ರಾಯಕ್ಕೆ ಮಾತ್ರ, ಚಿತ್ರ ಅಭಿಪ್ರಾಯ ಅಲ್ಲ ಅನ್ನೋದು ಸರ್ಕಾರದ ವಾದ. ಮಾತು ಬುದ್ಧಿಯ ಜೊತೆ ವ್ಯವಹಾರ ಮಾಡುತ್ತೆ, ಚಿತ್ರ ಕಣ್ಣಿಗೆ ಹೊಡೆಯುತ್ತೆ, ಆದ್ದರಿಂದ ಅದು ಮಾತಿಗಿಂತ ಕೃತ್ಯಕ್ಕೆ ಹತ್ತಿರ ಅಂತ. ‘ಲ ಕಾರಿಕಾತೂರ್’ ಬಾಗಿಲು ಮುಚ್ಚಿತು.

ಈ ವಾದ ಓದಿದಾಗ ನನಗೆ ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿ ನೆನಪಾಯಿತು. ವರ್ಷಕ್ಕೊಮ್ಮೆ ಅಲ್ಲಿ ಹೆಸರಿಲ್ಲದ ಸರ್ವೇ ಮಾಡ್ತಿದ್ದರು. ಜನ ಅದರಲ್ಲಿ ಮೇಲಿನವರ ಬಗ್ಗೆ ಖಾರವಾಗಿಯೇ ಬರೀತಿದ್ದರು. ಆ ಮಾತುಗಳು ಸ್ಲೈಡ್ ಆಗಿ, ಮೀಟಿಂಗ್ ಆಗಿ, ‘ಆಕ್ಷನ್ ಐಟಂ’ ಆಗಿ ತಣ್ಣಗಾಗ್ತಿದ್ದವು. ಯಾರಿಗೂ ಏನೂ ಆಗ್ತಿರಲಿಲ್ಲ. ಒಂದು ಸಲ ನಮ್ಮ ಟೀಮಿನ ಹುಡುಗನೊಬ್ಬ ದೊಡ್ಡ ಸಾಹೇಬರ ಮುಖ ಇಟ್ಟು ಒಂದು ವಾಟ್ಸಾಪ್ ಸ್ಟಿಕ್ಕರ್ ಮಾಡಿದ. ಸಾಹೇಬರು ಕುರ್ಚಿಯಲ್ಲಿ ಒರಗಿ ಕೂತಿದ್ದಾರೆ, ಸುತ್ತ ನಾವೆಲ್ಲ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದೇವೆ. ಬೈಗುಳ ಇಲ್ಲ, ಒಂದಕ್ಷರ ಕೂಡ ಇಲ್ಲ. ಎರಡು ದಿನ ಎಲ್ಲರ ಫೋನಿನಲ್ಲೂ ಅದೇ. ಮೂರನೇ ದಿನ ಅವನನ್ನು ಒಳಗೆ ಕರೆದರು. ಮುಂದಿನ ತಿಂಗಳು ಅವನು ಬೇರೆ ಪ್ರಾಜೆಕ್ಟಿನಲ್ಲಿದ್ದ. ಸರ್ವೇಯಲ್ಲಿ ಬರೆದ ಸಾವಿರ ಪದಕ್ಕಿಲ್ಲದ ಬೆಲೆ ಒಂದು ಸ್ಟಿಕ್ಕರಿಗೆ ಸಿಕ್ಕಿತ್ತು!

ಯಾಕೆ ಹೀಗೆ? ಮಾತಿಗೆ ಪ್ರತಿಮಾತು ಹೇಳಬಹುದು. ‘ಡೇಟಾ ತೋರಿಸಿ’ ಅನ್ನಬಹುದು, ಸ್ಪಷ್ಟೀಕರಣ ಕೊಡಬಹುದು. ಕೂತಿರುವ ಚಿತ್ರಕ್ಕೆ ಏನಂತ ಸ್ಪಷ್ಟೀಕರಣ ಕೊಡ್ತೀರಿ? ನಾನು ಕೂತಿರಲಿಲ್ಲ ಅಂತಲೇ? ಅಷ್ಟೇ ಅಲ್ಲ, ಒಮ್ಮೆ ನೋಡಿದ ಮೇಲೆ ಆ ಮನುಷ್ಯ ನಿಜವಾಗಿ ಎದುರು ಬಂದಾಗಲೂ ನಮಗೆ ಕಾಣೋದು ಆ ಚಿತ್ರವೇ. ಅಧಿಕಾರ ಹೆದರೋದು ಅದಕ್ಕೆ ಅನ್ಸುತ್ತೆ.

*

1832ರಲ್ಲೇ, ಅದೇ ಪ್ಯಾರಿಸ್‌ನಲ್ಲಿ, ಕೂತ ಇನ್ನೊಬ್ಬ ಮನುಷ್ಯನ ಚಿತ್ರ ತಯಾರಾಯಿತು. ಆಂಗ್ರ್ ಎಂಬ ಮಹಾ ಕಲಾವಿದ ತೈಲವರ್ಣದಲ್ಲಿ ಬರೆದ ಬೆರ್ತಾಂ ಅವರ ಭಾವಚಿತ್ರ. ಈಗ ಲೂವ್ರ್ ಮ್ಯೂಸಿಯಂನಲ್ಲಿದೆ. ಬೆರ್ತಾಂ ಒಂದು ಪ್ರಭಾವಿ ಪತ್ರಿಕೆಯ ಒಡೆಯ, ಹೊಸ ರಾಜನ ಪರ ಇದ್ದವನು. ಎರಡೂ ಕೈಯನ್ನು ತೊಡೆ ಮೇಲೆ ಊರಿ, ಮೈತುಂಬ ಜಾಗ ಹಿಡಿದು ಕೂತಿದ್ದಾನೆ. ಹೇಳಪ್ಪಾ ಏನು ಬೇಕು ಅನ್ನುವ ಹಾಗೆ ನಮ್ಮನ್ನೇ ದಿಟ್ಟಿಸ್ತಾನೆ. ಆ ಚಿತ್ರದ ಮುಂದೆ ನಾವು ಅರ್ಜಿ ಹಿಡಿದು ನಿಂತವರಾಗ್ತೀವಿ. ದೋಮಿಯೆಯ ಚಿತ್ರ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಕೂತವನು ನಮ್ಮನ್ನು ನೋಡೋದೇ ಇಲ್ಲ, ಅವನ ಬಾಯಿಗೆ ಪುರುಸೊತ್ತಿಲ್ಲ. ನೋಡುವ ಹಕ್ಕು ಪೂರ್ತಿ ನಮ್ಮದು.

ಕೂರೋದು, ನಿಲ್ಲೋದು ಸಣ್ಣ ವಿಷಯ ಅಲ್ಲ. ಪಹಣಿ ಇನ್ನೂ ಕೈಬರಹದಲ್ಲಿದ್ದ ಕಾಲದಲ್ಲಿ ಅಪ್ಪನ ಜೊತೆ ಒಂದು ಕಚೇರಿಗೆ ಹೋಗ್ತಿದ್ದೆ. ಅಲ್ಲಿ ಒಂದೇ ಕುರ್ಚಿ. ಅದರಲ್ಲಿ ಒಬ್ಬರು ಕೂತಿರೋರು, ಉಳಿದವರೆಲ್ಲ ನಿಂತಿರೋರು. ಊರಿನಲ್ಲಿ ನಾಲ್ಕು ಜನರ ನ್ಯಾಯ ಹೇಳುವ ಅಪ್ಪ, ಅಲ್ಲಿ ‘ಸ್ವಾಮಿ’ ಅಂತ ಶುರು ಮಾಡೋರು, ಟವೆಲ್ಲು ಹೆಗಲಿನಿಂದ ಕೈಗೆ ಬಂದಿರೋದು. ಕೂತವರು ತಲೆ ಎತ್ತುತ್ತಿರಲಿಲ್ಲ. ಅವರೇನೂ ಕೆಟ್ಟವರಲ್ಲ, ಎಂದೂ ಗದರಿಸಿದ್ದಿಲ್ಲ. ಆದರೆ ಆ ಕುರ್ಚಿಯ ಎತ್ತರ ಎಷ್ಟು ಅಂತ ನನಗೆ ಗೊತ್ತಾದದ್ದು ಅಪ್ಪನ ಕುಗ್ಗಿದ ಭುಜ ನೋಡಿ. ಈಗ ಅದೇ ಪಹಣಿ ಫೋನಿನಲ್ಲಿ ಸಿಗುತ್ತೆ. ನಮ್ಮ ಕಸುಬಿನವರು ಮಾಡಿದ ಕೆಲಸಗಳಲ್ಲಿ ಅಪ್ಪ ಮನಸ್ಸಾರೆ ಮೆಚ್ಚಿದ್ದು ಇದೊಂದನ್ನೇ. ‘ಯಾರ ಮುಂದೇನೂ ನಿಲ್ಲಂಗಿಲ್ಲ ಕಣಪ್ಪಾ’ ಅಂದಿದ್ದರು.

*

ಅಂದಹಾಗೆ ಕಲ್ಲಚ್ಚಿಗೂ ಕನ್ನಡಕ್ಕೂ ಒಂದು ನಂಟಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಅದು ಅಚ್ಚಾದದ್ದು ಕಲ್ಲಿನ ಮೇಲೆಯೇ. ಕಲ್ಲಚ್ಚಿಗೆ ಲಿಪಿ ಯಾವುದಾದರೂ ಒಂದೇ. ಒತ್ತಕ್ಷರಕ್ಕೊಂದು, ಗುಣಿತಕ್ಕೊಂದು ಸೀಸದ ಮೊಳೆ ಎರಕ ಹೊಯ್ಯಬೇಕಿಲ್ಲ. ಕೈಯಲ್ಲಿ ಬರೆಯೋಕೆ ಬಂದರೆ ಸಾಕು. ಇವತ್ತಿಗೂ ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನ. ಪ್ಯಾರಿಸ್‌ನಲ್ಲಿ ದೊರೆಯ ಬಾಯಿಗೆ ಹಲಗೆ ಇಟ್ಟ ತಂತ್ರವೇ ಹನ್ನೆರಡು ವರ್ಷ ಕಳೆಯೋದರೊಳಗೆ ಮಂಗಳೂರಲ್ಲಿ ಕನ್ನಡದ ಸುದ್ದಿ ಹೇಳ್ತಿತ್ತು.

ನಂಟು ಅಲ್ಲಿಗೂ ಮುಗಿಯಲ್ಲ. ನಿಮ್ಮ ಕೈಲಿರುವ ಫೋನಿನ ಚಿಪ್ ತಯಾರಾಗೋದೂ ‘ಲಿತೋಗ್ರಫಿ’ಯಿಂದಲೇ. ಗ್ರೀಕಿನಲ್ಲಿ ಲಿತೋಸ್ ಅಂದರೆ ಕಲ್ಲು. ಈಗ ಕಲ್ಲಿನ ಜಾಗದಲ್ಲಿ ಸಿಲಿಕಾನ್ ಬಿಲ್ಲೆ, ಜಿಡ್ಡಿನ ಕಡ್ಡಿಯ ಜಾಗದಲ್ಲಿ ಬೆಳಕು. ಅತಿ ಹೊಸ ಯಂತ್ರಗಳಲ್ಲಿ ಆ ಬೆಳಕಿನ ತರಂಗಾಂತರ 13.5 ನ್ಯಾನೋಮೀಟರ್. ಒಂದು ಕಡೆ ಅಂಟಬೇಕು, ಇನ್ನೊಂದು ಕಡೆ ಅಂಟಬಾರದು ಅನ್ನುವ ಲೆಕ್ಕ ಮಾತ್ರ ಇನ್ನೂ ಉಳಿದಿದೆ. ಆ ಹುಡುಗನ ಸ್ಟಿಕ್ಕರ್ ಓಡಾಡಿದ್ದೂ ಇಂಥ ಚಿಪ್ಪುಗಳ ಮೇಲೆಯೇ.

ಇನ್ನು ಆ ಕಲ್ಲಿನ ಗತಿ. ಕಲ್ಲಚ್ಚಿನ ಕಲ್ಲು ದುಬಾರಿ. ಬೇಕಾದಷ್ಟು ಪ್ರತಿ ತೆಗೆದ ಮೇಲೆ ಮರಳು ನೀರು ಹಾಕಿ ಉಜ್ಜಿ ಹಳೆಯ ಚಿತ್ರ ಅಳಿಸ್ತಾರೆ, ಅದರ ಮೇಲೆಯೇ ಹೊಸದು ಬರೀತಾರೆ. ದೋಮಿಯೆ ಬದುಕಿನಲ್ಲಿ ಬರೆದದ್ದು ಸುಮಾರು 4,000 ಕಲ್ಲಚ್ಚು. ‘ಗಾರ್ಗಾಂತುವಾ’ದ ಕಲ್ಲನ್ನು ನಾಶ ಮಾಡಿ ಅಂತ ಆಜ್ಞೆಯೇ ಆಗಿತ್ತು. ಆದರೂ ಕೈಬೆರಳೆಣಿಕೆಯ ಪ್ರತಿಗಳು ಉಳಿದುಕೊಂಡವು. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂದಿದೆ. ಕೂತಿದ್ದ ದೊರೆ 1848ರಲ್ಲಿ ಎದ್ದು ಇಂಗ್ಲೆಂಡಿಗೆ ಓಡಬೇಕಾಯಿತು, ಎರಡು ವರ್ಷಕ್ಕೆ ಅಲ್ಲೇ ತೀರಿಕೊಂಡ. ದೋಮಿಯೆ 1879ರಲ್ಲಿ ಸತ್ತಾಗ ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಕೈಯಲ್ಲಿ ಕಾಸಿರಲಿಲ್ಲ.

ಮೊದಮೊದಲು ಈ ಚಿತ್ರದಲ್ಲಿ ನಾನು ನೋಡ್ತಿದ್ದದ್ದು ಕೂತವನನ್ನೇ. ನೋಡಿ ನಗ್ತಿದ್ದೆ. ಸಂಬಳದ ಚೀಟಿಯಲ್ಲಿ ಟಿಡಿಎಸ್ ಕಾಲಂ ನೋಡುವ ಯಾರಿಗಾದರೂ ಬಲಮೂಲೆಯಲ್ಲಿ ತಾನೇ ನಿಂತಿದ್ದೀನಿ ಅನ್ಸುತ್ತೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ಮೂಲೆಯಲ್ಲಿ ನಿಂತವರು ನಮ್ಮ ಅಪ್ಪನಂಥವರು. ಗೊಬ್ಬರಕ್ಕೂ ಇನ್ನೆಷ್ಟಕ್ಕೋ ಕೊಟ್ಟು, ಏನು ಕೊಟ್ಟೆವು ಅಂತ ಚೀಟಿ ಕೂಡ ಸಿಗದವರು. ಈಗ ನನ್ನ ಕಣ್ಣು ಹೋಗೋದು ಹಲಗೆಯ ಮೇಲೆ. ಬೆನ್ನ ಮೇಲೆ ಬುಟ್ಟಿ, ಮುಂದಿನವನ ಹಿಮ್ಮಡಿ ನೋಡ್ತಾ, ಜಾರದ ಹಾಗೆ ಹೆಜ್ಜೆ ಇಡುವ ಆ ಪುಟ್ಟ ಮನುಷ್ಯರು. ಅವರದು ತಿಂಗಳ ಸಂಬಳದ ಕೆಲಸ ಇರಬೇಕು. ಬುಟ್ಟಿ ತಮ್ಮದಲ್ಲ, ಬಾಯಿಯೂ ತಮ್ಮದಲ್ಲ. ಹಲಗೆ ಗಟ್ಟಿ ಇದೆಯಾ, ಸಾಲು ನಿಲ್ಲದೆ ಸಾಗ್ತಿದೆಯಾ ಅನ್ನೋದಷ್ಟೇ ಅವರ ಚಿಂತೆ. ನಮ್ಮ ಭಾಷೆಯಲ್ಲಿ ಅದಕ್ಕೆ ಅಪ್‌ಟೈಮ್ ಅಂತೀವಿ.

ಅಪ್ಪ ಊರಿಂದ ಬಂದಾಗ ಅವರಿಗೂ ಚಿತ್ರ ತೋರಿಸಿದೆ. ಕನ್ನಡಕ ಏರಿಸಿಕೊಂಡು ತುಂಬ ಹೊತ್ತು ನೋಡಿದರು. ಯಾವ ದೇಶ, ಯಾವ ರಾಜ, ಒಂದೂ ಕೇಳಲಿಲ್ಲ. ಹಲಗೆ ಮೇಲೆ ಬೆರಳಿಟ್ಟು, ‘ಇವರೊಂದು ದಿನ ಹತ್ತದೇ ಇದ್ರೆ?’ ಅಂದರು.